ಕಾಶ್ಯಪ ಗೋತ್ರದ ಕ್ಯಾಪ್ಟನ್ ವರ್ಮ

ವರ್ಜೀನಿಯಾದಿಂದ ಜಾರ್ಜಿಯಾದವರೆಗೆ ಕನ್ನಡದವರ ಮನೆಗಳಲ್ಲಿ ಈ ಕಥೆಯನ್ನು ಈಗ ಹೀಗೆ ಹೇಳುತ್ತಾರೆ: ಸತ್ತು ಎಷ್ಟೋ ಕಾಲವಾಗಿದ್ದ ಅಮೆರಿಕದ ಒಬ್ಬ ಕ್ಯಾಪ್ಟನ್ ಸೀತಜ್ಜಿಯ ಕನಸಿನಲ್ಲಿ ಬಂದು ತನ್ನ ಊರಿನ ಹೆಸರು ಹೇಳಿದ. ಅವರು ಅವನ ಫೋಟೋವನ್ನು ಅವನ ಜನಕ್ಕೆ ಮುಟ್ಟಿಸಿದರು. ಫೋಟೋ ಕೈ ಬದಲಾಗುವಾಗ ಹಾರದಿಂದ ಒಂದು ಹೂವು ಬಲಗಡೆಗೆ ಬಿತ್ತು. ಸೀತಜ್ಜಿಯ ಮಗ ನಾಗರಾಜ್‌ಗೆ ಗ್ರೀನ್ ಕಾರ್ಡ್ ಬಂತು.

ನಾನು ಅಲ್ಲೇ ಇದ್ದೆ. ಕನಸು ಯಾರಿಗೂ ಬಿದ್ದಿರಲಿಲ್ಲ, ಊರಿನ ಹೆಸರು ಫೋಟೋದ ಬೆನ್ನಿಗೆ ಸ್ಟುಡಿಯೋದವರು ಒತ್ತಿದ ಮುದ್ರೆಯಲ್ಲಿತ್ತು. ಅವನು ಕ್ಯಾಪ್ಟನ್ ಆಗಿರಲಿಲ್ಲ. ಹಾರ ಮೈಸೂರಿನಿಂದ ತಂದ ಗಂಧದ ಚಕ್ಕೆಯದು, ಬೀಳುವುದಕ್ಕೆ ಅದರಲ್ಲಿ ಹೂವೇ ಇರಲಿಲ್ಲ. ಇನ್ನು ಗ್ರೀನ್ ಕಾರ್ಡು ಬಂದದ್ದು ನಾನು ಊರಿಗೆ ಮರಳಿ ಎಷ್ಟೋ ತಿಂಗಳಾದ ಮೇಲೆ. ಆ ಹೊತ್ತಿಗೆ ಅದೇ ಕಂಪನಿಯಲ್ಲಿ ಯಾವ ಫೋಟೋವನ್ನೂ ಪೂಜಿಸದವರಿಗೂ ಬಂದಿತ್ತು. ಎದುರು ಪಕ್ಷ ಇಷ್ಟು ಸಡಿಲವಾಗಿ ಸಿಕ್ಕಿದರೆ ವಾದ ಮಾಡುವವರಿಗೆ ಹಬ್ಬವಾಗಬೇಕು. ನನಗೆ ಆಗುತ್ತಿಲ್ಲ. ನಿಜವಾಗಿ ನಡೆದದ್ದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ಅದಕ್ಕೇ ಕನಸಿನ ಕಥೆ ಗೆಲ್ಲುತ್ತಿದೆ.

ಹರ್ನ್‌ಡನ್

ಮೈಸೂರಿನಲ್ಲಿ ಕಾನೂನು ಓದುತ್ತಿದ್ದ ನನ್ನನ್ನು ನಮ್ಮ ಕಾಲೇಜು ವಾಷಿಂಗ್ಟನ್‌ನ ಒಂದು ಚರ್ಚಾಸ್ಪರ್ಧೆಗೆ ಕಳಿಸಿತ್ತು. ಮೊದಲ ಸುತ್ತಿನಲ್ಲೇ ಸೋತೆ. ಎದುರಾಳಿಯ ಜೊತೆ ಮಾಡಬೇಕಾದ ವಾದವನ್ನು ಗಂಟೆ ಬಾರಿಸುವವರ ಜೊತೆ ಮಾಡಿದಳು ಎಂದು ತೀರ್ಪುಗಾರರು ಬರೆದರು. ಗಂಟೆ ಬೇಗ ಹೊಡೆದಿತ್ತು ಎಂಬುದು ಈಗಲೂ ನನ್ನ ವಾದ. ವಾಪಸ್ ವಿಮಾನಕ್ಕೆ ಇನ್ನೂ ವಾರಗಳಿದ್ದುದರಿಂದ ಪಕ್ಕದ ವರ್ಜೀನಿಯಾದ ಹರ್ನ್‌ಡನ್‌ನಲ್ಲಿದ್ದ ಚಿಕ್ಕಮ್ಮನ ಮನೆಗೆ ಹೋಗಿ ಬಿದ್ದೆ.

ಅಲ್ಲಿನ ಟೌನ್‌ಹೌಸ್‌ಗಳೆಲ್ಲ ಒಂದೇ ಪಾತ್ರೆಯಲ್ಲಿ ಹೊಯ್ದ ಇಡ್ಲಿಗಳು. ಮರುದಿನ ತಿರುಗಾಡಿಕೊಂಡು ಬಂದವಳು ಬಾಗಿಲು ತಳ್ಳಿ, ಚಪ್ಪಲಿ ಬಿಟ್ಟು, ಸೋಫಾದ ಮೇಲೆ ಕಾಲು ಚಾಚಿದೆ. ಒಬ್ಬ ಬಿಳಿಯ ಹೆಂಗಸು ಒಳಗಿನಿಂದ ಬಂದು, ಕಿರುಚದೆ, ಕಾಫಿ ಬೇಕೇ ಎಂದು ಕೇಳಿದಳು. ನಮ್ಮ ಕಡೆಯಾಗಿದ್ದರೆ ಮೊದಲು ಯಾರ ಮಗಳು, ಯಾವ ಊರು ಎಂದು ವಿಚಾರಣೆ ನಡೆದು, ಆಮೇಲೆ ಕಾಫಿ ಬರುತ್ತಿತ್ತು. ಅಷ್ಟಾದರೂ ನಾನು ಪಕ್ಕದ ಮನೆಗೆ ನುಗ್ಗಿದ್ದೇನೆಂದು ಹೊಳೆದದ್ದು ಅವಳನ್ನು ನೋಡಿ ಅಲ್ಲ, ಗೋಡೆಯ ಮೇಲೆ ಕ್ಯಾಪ್ಟನ್ ಇಲ್ಲದ್ದನ್ನು ನೋಡಿ.

ಚಿಕ್ಕಮ್ಮನ ಮನೆಯ ಗೋಡೆಯಲ್ಲಿ ಮೊಟ್ಟೆಯಾಕಾರದ ದೊಡ್ಡ ಫ್ರೇಮಿನೊಳಗೆ ಒಬ್ಬ ಬಿಳಿಯ ಯುವಕನಿದ್ದ. ಸೈನಿಕನ ಉಡುಪು, ಉದ್ದನೆಯ ಕತ್ತು, ಉಡುಪಿಗೆ ಸಾಲದಷ್ಟು ಅಗಲದ ಭುಜ, ಎದೆಯ ಮೇಲೆ ಒಂದು ಸಾಲು ಪದಕ. ಹಣೆಯ ಜಾಗದಲ್ಲಿ ಗಾಜಿನ ಮೇಲೆ ಗಂಧ, ಅದರ ಮೇಲೆ ಕುಂಕುಮ, ಕೊರಳಿಗೆ ಹಾರ. ಅವನ ಬಲಕ್ಕೆ ಚಿಕ್ಕಪ್ಪನ ತಂದೆ, ಎಡಕ್ಕೆ ತಾತ. ಎಲ್ಲರಿಗಿಂತ ದೊಡ್ಡ ಫ್ರೇಮು ಇವನದಾದ್ದರಿಂದ ಮಧ್ಯದ ಸ್ಥಾನ ಇವನಿಗೆ. ಇವರು ಯಾರು ಎಂದು ಚಿಕ್ಕಮ್ಮನ ಏಳು ವರ್ಷದ ಮಗಳು ಪೂಜಾಳನ್ನು ಕೇಳಿದೆ. "ದಟ್ಸ್ ಕ್ಯಾಪ್ಟನ್ ವರ್ಮ," ಅಂದಳು ಸೀರಿಯಲ್ ತಿನ್ನುತ್ತ. "ಹೀ ಈಸ್ ಅವರ್ ಡೆಡ್ ಅಂಕಲ್." ಶಾಲೆಯಲ್ಲಿ ಬರೆಸಿದ್ದ ವಂಶವೃಕ್ಷದಲ್ಲೂ ಅವನಿಗೊಂದು ಕೊಂಬೆ ಕೊಟ್ಟಿದ್ದಳು.

ಬೇಡದ ಸಾಮಾನನ್ನು ಮನೆ ಮುಂದೆ ಹರಡಿ ಮಾರುವ ಗರಾಜ್ ಸೇಲ್ ಎಂಬುದು ಅಲ್ಲಿ ಉಂಟು. ನಾಗರಾಜ ಚಿಕ್ಕಪ್ಪ ಆ ಫ್ರೇಮನ್ನು ಅಲ್ಲಿಂದ ತಂದದ್ದು ರಾಯರ ಪಟ ಹಾಕಲು. ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದ ಅವರ ತಾಯಿ ಸೀತಜ್ಜಿ ಫೋಟೋ ತೆಗೆಯಲು ಬಿಡಲಿಲ್ಲ. ಸತ್ತವರ ಪಟವನ್ನು ಕಸದ ಡಬ್ಬಿಗೆ ಹಾಕುವುದೆಂದರೇನು? ಇವನ ಮನೆಯವರು ಯಾರೆಂದು ಮಗನನ್ನು ಕೇಳಿದರು. ಯಾರೂ ಇಲ್ಲವಂತೆ ಎಂದರು ಚಿಕ್ಕಪ್ಪ. ಯಾರೂ ಇಲ್ಲದವರಿಗೆ ಮಹಾಲಯ ಅಮಾವಾಸ್ಯೆಯಂದು ಯಾರು ಬೇಕಾದರೂ ಎಳ್ಳುನೀರು ಬಿಡಬಹುದು ಎಂದರು ಅಜ್ಜಿ. ಹಾಗೆ ಮನೆಯ ಹಿಂದೆ ಡೆಕ್ ಎನ್ನುವ ಮರದ ಜಗಲಿಯ ಮೇಲೆ, ಕ್ಯಾಸೆಟ್ಟಿನಲ್ಲಿದ್ದ ಪುರೋಹಿತರನ್ನು ತಡೆತಡೆದು ನಿಲ್ಲಿಸುತ್ತ, ಚಿಕ್ಕಪ್ಪ ತರ್ಪಣ ಬಿಟ್ಟರು. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ. ಹೆಸರು ಗೊತ್ತಿಲ್ಲ, ಆದರೆ ನಿಲುವು ನೋಡಿದರೆ ಕ್ಯಾಪ್ಟನ್. ಸೈನಿಕನಾದ್ದರಿಂದ ಶರ್ಮ ಎನ್ನುವಂತಿಲ್ಲ, ವರ್ಮ. ಮರುವಾರ ಚಿಕ್ಕಪ್ಪನ ಗ್ರೀನ್ ಕಾರ್ಡಿನ ಮೊದಲ ಹಂತವಾದ ಲೇಬರ್ ಕ್ಲಿಯರ್ ಆಯಿತು. ಎಲ್ಲರೂ ಒಂದೊಂದು ಅಡುಗೆ ಮಾಡಿ ತರುವ ದೀಪಾವಳಿ ಪಾಟ್‌ಲಕ್‌ಗೆ ಬಂದವರಲ್ಲಿ ಅರ್ಧ ಜನ ಪ್ಲೇಟು ಹಿಡಿದುಕೊಂಡೇ ಕ್ಯಾಪ್ಟನ್‌ಗೆ ನಮಸ್ಕಾರ ಮಾಡಿದರು.

ನನ್ನ ಕೈ ಸುಮ್ಮನಿರಲಿಲ್ಲ. ಫ್ರೇಮ್ ಇಳಿಸಿ ನೋಡಿದೆ. ಪದಕಗಳಲ್ಲಿ ಕತ್ತಿಯೂ ಇಲ್ಲ, ಹದ್ದೂ ಇಲ್ಲ; ನೀರಿಗೆ ಹಾರುತ್ತಿರುವ ಪುಟ್ಟ ಮನುಷ್ಯರಿದ್ದರು. ಎಲ್ಲವೂ ಈಜಿನ ಪದಕ. ಬೆನ್ನ ಮೇಲೆ ದಕ್ಷಿಣ ಕೆರೊಲಿನಾದ ಒಂದು ಊರಿನ ಸ್ಟುಡಿಯೋ ಮುದ್ರೆ. ಚಿಕ್ಕಪ್ಪನನ್ನು ಹಿಡಿದು ಕೂರಿಸಿದೆ.

"ಮಾರಿದವರು ಏನಂದ್ರು, ಚಿಕ್ಕಪ್ಪ? ಕರೆಕ್ಟಾಗಿ ಹೇಳಿ."

"ಇವನ್ಯಾರೋ ಗೊತ್ತಿಲ್ಲ ಅಂದ್ರು."

"ಗೊತ್ತಿಲ್ಲ ಅಂದ್ರಾ, ಯಾರೂ ಇಲ್ಲ ಅಂದ್ರಾ?"

"ಎರಡೂ ಒಂದೇ ಅಲ್ವೇನೇ, ವಾಣಿ?"

ಒಳಗೆ ಸಾರಿನ ಸೌಟು ನಿಂತಿತು. ಅಜ್ಜಿ ಬಾಗಿಲಿಗೆ ಬಂದು ಮಗನನ್ನೇ ನೋಡಿದರು. "ಜನ ಇರೋನನ್ನ ಅನಾಥ ಮಾಡ್ಬಿಟ್ಯಲ್ಲೋ, ನಾಗ."

ಅಂದಿನಿಂದ ಅಜ್ಜಿಗೆ ಊಟ ರುಚಿಸಲಿಲ್ಲ. ತಿಂಗಳೊಳಗೆ ಅವರು ಮೈಸೂರಿಗೆ ಮರಳಬೇಕು. ಅಷ್ಟರಲ್ಲಿ ಅವನ ಮನೆಯವರನ್ನು ಹುಡುಕಿ ಫೋಟೋ ಒಪ್ಪಿಸಬೇಕು. ಅದೂ ಅವನಿಗಾಗಿ ಏನಾದರೂ ಮಾಡುವವರು ಎಂದು ಖಾತ್ರಿಯಾದರೆ ಮಾತ್ರ. ಚಿಕ್ಕಪ್ಪನ ಸಂಕಟ ಬೇರೆ. ಗ್ರೀನ್ ಕಾರ್ಡಿನ ಇಂಟರ್‌ವ್ಯೂ ಆಗುವವರೆಗೆ ಫೋಟೋ ಗೋಡೆಯ ಮೇಲಿರಲಿ ಎಂದು ಅವರ ಆಸೆ. ನಿಮಗೆ ಇದರಲ್ಲಿ ನಂಬಿಕೆ ಇದೆಯಾ ಎಂದು ಕೇಳಿದರೆ, ನಂಬಿಕೆ ಏನಿಲ್ಲ, ರಿಸ್ಕ್ ಯಾಕೆ ಎಂದರು. ಕೊನೆಗೆ ಫೋಟೋವನ್ನು ಅಂಗಡಿಗೆ ಒಯ್ದು ಕಲರ್ ಕಾಪಿ ಮಾಡಿಸಿ, ಅದನ್ನು ಗೋಡೆಗೆ ಹಾಕಿ, ಬ್ಯಾಕಪ್ ಎಂದರು. ನೆರಳಿಗೆ ಎಳ್ಳುನೀರು ಬಿಟ್ಟರೆ ಯಾರಿಗೂ ಮುಟ್ಟುವುದಿಲ್ಲವೆಂದು ಅಜ್ಜಿ ಹೇಳಿದಾಗ, ಫೋಟೋನೇ ಒಂದು ನೆರಳಲ್ಲವೇ ಎಂದು ನಾನು ಬಾಯಿ ಹಾಕಿದೆ. ಇಬ್ಬರೂ ಒಟ್ಟಾಗಿ ನನ್ನನ್ನು ಬೈದರು.

ಆ ಊರಿನ ಲೈಬ್ರರಿಗೆ ಫೋನ್ ಮಾಡಿದೆ. ಪದಕ, ಭುಜ ಎಂದು ವಿವರಿಸುತ್ತಿದ್ದಂತೆ ಆಕೆ, ಅಯ್ಯೋ ಅವನು ನಮ್ಮ ವಿಲ್ಬರ್, ನಮ್ಮ ಗೋಡೆಯ ಮೇಲಿದ್ದಾನೆ ಎಂದಳು. ನಮ್ಮ ಗೋಡೆಯ ಮೇಲೂ ಇದ್ದಾನೆ ಎಂದೆ. ನೀವು ಯಾರು ಎಂದಳು. ನಾವು ಇಂಡಿಯಾದವರು, ಅವನ ಫೋಟೋವನ್ನು ನಮ್ಮ ಅಜ್ಜಿ ಅವನ ಮನೆಯವರಿಗೆ ಒಪ್ಪಿಸಬೇಕಂತೆ ಎಂದೆ. ಇಂಡಿಯಾ ಎಂದಿರಾ ಎಂದು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ಮೆಲ್ಲನೆ, ನಾನು ಬಕ್‌ಗೆ ಹೇಳುತ್ತೇನೆ, ನೀವು ಬನ್ನಿ ಎಂದಳು.

ಡರ್ಹಮ್

ಚಿಕ್ಕಮ್ಮ, ಪೂಜಾ ಮನೆಯಲ್ಲೇ ಉಳಿದರು. ಕಾರಿನ ಮುಂದೆ ಚಿಕ್ಕಪ್ಪ, ನಾನು; ಹಿಂದಿನ ಸೀಟಿನಲ್ಲಿ ಅಜ್ಜಿ, ಪಕ್ಕದಲ್ಲಿ ಸೀಟ್‌ಬೆಲ್ಟ್ ಕಟ್ಟಿಸಿಕೊಂಡ ಕ್ಯಾಪ್ಟನ್. ಟ್ರಕ್ ಓಡಿಸುವವರು ಮೇಲಿನಿಂದ ಬಗ್ಗಿ ನೋಡಿ ಟೋಪಿ ಎತ್ತುತ್ತಿದ್ದರು. ನಮ್ಮ ಹೆದ್ದಾರಿಯಲ್ಲಿ ಹಾರನ್ನು ಮಾತಾಡುವಷ್ಟು ಅಲ್ಲಿ ಟೋಪಿ ಮಾತಾಡುತ್ತದೆ. ಚಿಕ್ಕಪ್ಪ ತಿರುಗಬೇಕಾದ ಎಕ್ಸಿಟ್‌ಗಳನ್ನು ಶ್ರದ್ಧೆಯಿಂದ ತಪ್ಪಿಸುತ್ತಿದ್ದರು. ದಾರಿ ಕೇಳೋಣವೆಂದರೆ, ಮ್ಯಾಪ್ ಇದೆಯಲ್ಲ ಅನ್ನುತ್ತಿದ್ದರು. ಮ್ಯಾಪು ಅಜ್ಜಿಯ ಮಡಿಲಲ್ಲಿ ಮೊಸರನ್ನದ ಡಬ್ಬದ ಕೆಳಗಿತ್ತು.

ದಾರಿಯಲ್ಲಿ, ಉತ್ತರ ಕೆರೊಲಿನಾದ ಡರ್ಹಮ್‌ನಲ್ಲಿ, ನಸ್ರೀನ್ ಆಂಟಿಯ ಮನೆಯಲ್ಲಿ ತಂಗಿದೆವು. ಬೆಂಗಳೂರಿನವರು, ಚಿಕ್ಕಪ್ಪನ ಕಾಲೇಜಿನ ಗೆಳತಿ, ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಔಷಧ ಕಂಪನಿಯಲ್ಲಿ ಕೆಲಸ. ಅಜ್ಜಿ ಬೇರೆಯವರ ಪಾತ್ರೆಯಲ್ಲಿ ತಿನ್ನುವುದಿಲ್ಲವೆಂದು ಗೊತ್ತಿದ್ದು ಹೊಸ ಸ್ಟೀಲ್ ಪಾತ್ರೆ ತಂದಿಟ್ಟಿದ್ದರು. ಅಜ್ಜಿ ತಮ್ಮ ಕೈಯಾರೆ ಅನ್ನ ಮಾಡಿ, ಅವರ ಮನೆಯ ನಿಂಬೆ ಉಪ್ಪಿನಕಾಯಿಯನ್ನು ಮಾತ್ರ ಯಾವ ತಕರಾರೂ ಇಲ್ಲದೆ ಮೂರು ಸಲ ಹಾಕಿಸಿಕೊಂಡರು. ಉಪ್ಪಿನಕಾಯಿಗೆ ಮಡಿ ಲೆಕ್ಕವಿಲ್ಲವೇ ಎಂದು ಕೇಳಲು ಬಾಯಿ ತೆರೆದೆ. ಚಿಕ್ಕಪ್ಪ ಕಾಲು ತುಳಿದರು.

ನಸ್ರೀನ್ ಆಂಟಿ ಕ್ಯಾಪ್ಟನ್‌ನನ್ನು ಹತ್ತಿರದಿಂದ ನೋಡಿದರು.

"ಒಂದೆರಡು ವಾರ ನಮ್ಮನೇಲೂ ಬಿಟ್ಟಿರಿ, ನಾಗರಾಜ್. ನಮ್ದೂ ಲೇಬರ್ ಪೆಂಡಿಂಗಲ್ಲೇ ಇದೆ."

ಚಿಕ್ಕಪ್ಪ ತಮಾಷೆಯೆಂದು ತಿಳಿಯದೆ ನಿಜವಾಗಿಯೂ ಯೋಚಿಸತೊಡಗಿದರು. ಆಂಟಿ ನಗು ನಿಲ್ಲಿಸಿ ಅಜ್ಜಿಯ ಕಡೆ ತಿರುಗಿದರು. "ಫೋಟೋಗೆ ನಾನು ಕೈ ಮುಗಿಯಲ್ಲ ಅಜ್ಜಿ, ನಮ್ಮಲ್ಲಿ ಅದಿಲ್ಲ. ಆದ್ರೆ ಹೋದೋರ ಸಾಮಾನು ಅವರ ಮನೇವ್ರಿಗೆ ಸೇರ್ಬೇಕು ಅನ್ನೋದು ನಮ್ಮಲ್ಲೂ ಇದೆ. ನೀವು ಹೊರಟಿದ್ದು ಸರಿ." ಎರಡು ಧರ್ಮಗಳು ನನ್ನೆದುರಿಗೇ ಒಪ್ಪಂದ ಮಾಡಿಕೊಂಡವು, ವಾದಿಸಲು ನನಗೇನೂ ಉಳಿಯಲಿಲ್ಲ.

ವಿಲ್ಬರನ ಊರು

ದಕ್ಷಿಣ ಕೆರೊಲಿನಾದ ಆ ಊರಿಗೆ ಒಂದು ಮುಚ್ಚಿದ ಬಟ್ಟೆ ಗಿರಣಿ, ಒಂದು ಬೀದಿ, ಬೀದಿಯ ಎರಡೂ ಕಡೆ ಕೈ ಬೀಸುವ ಜನ. ಗುರುತಿಲ್ಲದವರಿಗೆಲ್ಲ ಕೈ ಬೀಸುವುದು ಅಲ್ಲಿನ ಕ್ರಮ. ಮೊದಲು ನಾನೂ ಬೀಸಿದೆ. ಬರುಬರುತ್ತ ಬೀಸುವವರು ಗುಂಪಾದರು. ಆಮೇಲೆ ಬ್ಯಾಂಡು ಕೇಳಿಸಿತು. ಗಿರಣಿಯ ಮುಂದೆ ಕಟ್ಟಿದ್ದ ಬಟ್ಟೆಯ ಮೇಲೆ ಬರೆದಿತ್ತು: ವಿಲ್ಬರನ ಇಂಡಿಯನ್ ಕುಟುಂಬಕ್ಕೆ ಸುಸ್ವಾಗತ.

ಚಿಕ್ಕಪ್ಪ ಯಾವ ಕುಟುಂಬವೆಂದು ಹಿಂದೆ ತಿರುಗಿ ನೋಡಿದರು.

ಬಕ್ ಎಂಬಾತ ನಿವೃತ್ತ ಬ್ಯಾಂಡ್ ಮೇಷ್ಟ್ರು, ಊರಿನ ಚರಿತ್ರೆಯೆಲ್ಲ ಅವರ ಬಾಯಲ್ಲಿ. ನಮ್ಮನ್ನು ನೆರಳಿಗೆ ಕೂರಿಸಿ, ಪಾಯಸಕ್ಕಿಂತ ಸಿಹಿಯಾದ ತಣ್ಣನೆಯ ಟೀ ಕೊಟ್ಟು ವಿಲ್ಬರನ ಬದುಕನ್ನು ಹೇಳಿದರು. ಗಿರಣಿ ಕೂಲಿಯ ಮಗ. ಗಿರಣಿಯ ಕೆರೆಯಲ್ಲಿ, ಬಣ್ಣ ಕಲಸಿದ ನೀರಿನಲ್ಲಿ ಈಜು ಕಲಿತ. ಒಂದೊಂದು ವಾರ ಒಂದೊಂದು ಬಣ್ಣವಾಗಿ ಮನೆಗೆ ಬರುತ್ತಿದ್ದ. ನದಿಯ ಸ್ಪರ್ಧೆಗಳಲ್ಲಿ ಅವನನ್ನು ಹಿಡಿಯುವವರಿರಲಿಲ್ಲ. ಅಟ್ಲಾಂಟಾದ ಒಂದು ಕ್ಲಬ್ಬಿನ ಕೊಳದಲ್ಲಿ ಮೊದಲ ಸಲ ಸ್ಪರ್ಧಿಸಿದಾಗ ಸೋತ. ಹುಟ್ಟಿದಾಗಿನಿಂದ ನೀರಿನ ತಳವನ್ನೇ ಕಾಣದವನು, ತಿಳಿನೀರಿನಲ್ಲಿ ತಳ ಕಂಡು ಬಿದ್ದುಬಿಡುತ್ತೇನೆಂದು ಹೆದರಿ ಗೋಡೆ ಹಿಡಿದುಕೊಂಡನಂತೆ. ಮುಂದಿನ ವರ್ಷ ಕಣ್ಣು ಮುಚ್ಚಿಕೊಂಡು ಈಜಿ ಗೆದ್ದ. ಮೊದಲ ಮಹಾಯುದ್ಧ ಬಂತು, ಸಾಮಾನ್ಯ ಸಿಪಾಯಿಯಾಗಿ ಸೇರಿದ. ಹೊರಡುವ ದಿನ ಫೋಟೋ ತೆಗೆಸುವಾಗ, ಖಾಲಿ ಎದೆ ಚೆನ್ನಾಗಿ ಕಾಣುವುದಿಲ್ಲವೆಂದು ಅವನಕ್ಕ ಈಜಿನ ಪದಕಗಳನ್ನೇ ಚುಚ್ಚಿ ಕಳಿಸಿದಳು.

ಮುಂದಿನದು ಗಿರಣಿಯ ಗೋಡೆಯ ಚಿತ್ರದಲ್ಲಿತ್ತು. ಫ್ರಾನ್ಸಿನ ಒಂದು ಕಾಲುವೆ, ಸುತ್ತ ಗುಂಡುಗಳು, ವಿಲ್ಬರ್ ಹಲ್ಲಿನಲ್ಲಿ ಟೆಲಿಫೋನ್ ತಂತಿ ಕಚ್ಚಿಕೊಂಡು ಈಜುತ್ತಿದ್ದಾನೆ. ಆಮೇಲೆ ಅವನನ್ನು ಯಾರೂ ನೋಡಲಿಲ್ಲ. ನೋಡಲಿಲ್ಲವೆಂದರೆ ತಂತಿ ಹಲ್ಲಿನಲ್ಲಿತ್ತೆಂದು ಯಾರು ಹೇಳಿದರು ಎಂದು ಕೇಳಿದೆ. ಎಲ್ಲರಿಗೂ ಗೊತ್ತು ಎಂದರು ಬಕ್. ಆಚೆ ದಡ ಮುಟ್ಟಿದನೇ? ಮುಟ್ಟಿರಲೇಬೇಕು, ಅವನು ವಿಲ್ಬರ್. ಮುಟ್ಟಿದ್ದರೆ ಎಲ್ಲಿ ಹೋದ? ಬಕ್ ದನಿ ತಗ್ಗಿಸಿದರು. ಗೋಡೆಯ ಮೇಲಿನದು ಒಂದು ಕಥೆಯಾದರೆ, ಕ್ಷೌರದಂಗಡಿಯಲ್ಲಿ ಹೇಳುವುದು ಇನ್ನೊಂದು. ಅವನ ಜೊತೆಗಿದ್ದವನೊಬ್ಬ, ಕಾಲುವೆಯ ಆಚೆ ಅವನು ಪೇಟ ಕಟ್ಟಿದ ಇಂಡಿಯದ ಸಿಪಾಯಿಗಳ ಜೊತೆ ಒಲೆಯ ಮುಂದೆ ಕೂತಿದ್ದನ್ನು ಕಂಡೆ ಎಂದಿದ್ದನಂತೆ. ಅವರ ಜೊತೆಗೇ ಇಂಡಿಯಕ್ಕೆ ಹೋಗಿಬಿಟ್ಟನೆಂದು ನಂಬಿ ಊರು ಇಷ್ಟು ಕಾಲ ಸುದ್ದಿಗೆ ಕಾದಿತ್ತು. ಈಗ ಇಂಡಿಯದಿಂದ ಒಬ್ಬ ವೃದ್ಧೆ ಹಾರ ಹಾಕಿದ ಅವನ ಫೋಟೋ ಹಿಡಿದುಕೊಂಡು ಕಾರಿನಿಂದ ಇಳಿದಿದ್ದಾರೆ.

ನಾನು ಎದ್ದು ನಿಂತು, ಸಭೆಗೆ ಹೇಳುವಂತೆ ಹೇಳಿದೆ: ನಾವು ಅವನ ಕುಟುಂಬ ಅಲ್ಲ, ಫ್ರೇಮ್ ಸಿಕ್ಕಿದ್ದು ವರ್ಜೀನಿಯಾದ ಗರಾಜ್ ಸೇಲ್‌ನಲ್ಲಿ. ಬಕ್ ಕಣ್ಣು ಮಿಟುಕಿಸಿದರು. ಹಾಗಾದರೆ ಈ ಕೆಂಪು ಬೊಟ್ಟು, ಹಾರ ಯಾರಿಗೆ ಹಾಕುತ್ತೀರಿ? ಮನೆಯ ಹಿರಿಯರು ಹೋದ ಮೇಲೆ ಅವರಿಗೆ. ಇವನನ್ನು ಏನೆಂದು ಕರೆಯುತ್ತೀರಿ? ನಮ್ಮ ಪೂಜಾ ಅಂಕಲ್ ಅನ್ನುತ್ತಾಳೆ, ಆದರೆ ನಮ್ಮಲ್ಲಿ ಅಂಗಡಿಯವನೂ ಅಂಕಲ್ಲೇ. ಹೆಸರು? ವರ್ಮ. ಹೆಸರು ಬದಲಾಯಿಸಿಕೊಂಡನೇ ಎಂದು ಬಕ್ ಟೋಪಿ ತೆಗೆದು ಎದೆಗೆ ಹಿಡಿದರು. ನಾನು ಆಡಿದ ಪ್ರತಿಯೊಂದು ನಿಜವೂ ಅವರ ಪಕ್ಷಕ್ಕೆ ಸಾಕ್ಷಿಯಾಗುತ್ತಿತ್ತು. ಇಂಥ ಎದುರಾಳಿ ನನಗೆ ವಾಷಿಂಗ್ಟನ್‌ನಲ್ಲೂ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಚಿಕ್ಕಪ್ಪನನ್ನು ಕೆರೆಯ ದಂಡೆಗೆ ಒಯ್ದು ನಿಲ್ಲಿಸಿದ್ದರು. ಭುಜ ಥೇಟ್ ವಿಲ್ಬರನದು ಎಂದು ಇಬ್ಬರು ಮುದುಕಿಯರು ಒಪ್ಪಿಕೊಂಡಿದ್ದರು. ಈಜು ವಂಶದಲ್ಲಿ ಬಂದಿರಬೇಕು ಎಂದು ಯಾರೋ ಕೇಳಿದ್ದಕ್ಕೆ, ಬಾತ್‌ಟಬ್ಬಿಗೂ ಹೆದರುವ ಚಿಕ್ಕಪ್ಪ, "ಐ ಆ್ಯಮ್ ಇನ್ ಡೇಟಾಬೇಸಸ್," ಎಂದರು. ಜನ ಚಪ್ಪಾಳೆ ತಟ್ಟಿದರು.

ಅಜ್ಜಿಗೆ ಇದ್ಯಾವುದೂ ಬೇಕಿರಲಿಲ್ಲ. ಅವನ ರಕ್ತಸಂಬಂಧಿ ಯಾರಾದರೂ ಇದ್ದಾರಾ, ಅಷ್ಟು ಕೇಳು ಎಂದರು. ಇದ್ದರು. ಪದಕ ಚುಚ್ಚಿದ ಅಕ್ಕನ ಮಗಳು, ಮಿಸ್ ಓಪಲ್, ಅಟ್ಲಾಂಟಾದ ವೃದ್ಧಾಶ್ರಮದಲ್ಲಿ. ಬಕ್ ಆಕೆಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿಯಾಗಿತ್ತು.

"ಎಲ್ಲ ಅಂದ್ರೆ?" ಎಂದರು ಚಿಕ್ಕಪ್ಪ, ಕಾರು ಹತ್ತುತ್ತ.

ಬ್ಯಾಂಡು ಮತ್ತೆ ಶುರುವಾಗಿತ್ತು.

ಅಟ್ಲಾಂಟಾ

ಅಟ್ಲಾಂಟಾದಲ್ಲಿ ಕಂಡ ರಸ್ತೆಗಳಿಗೆಲ್ಲ ಪೀಚ್‌ಟ್ರೀ ಎಂದೇ ಹೆಸರಿಟ್ಟಿದ್ದಾರೆ. ಒಂದು ಪೀಚ್‌ಟ್ರೀಯಿಂದ ಇನ್ನೊಂದಕ್ಕೆ ಬಿದ್ದು ಎದ್ದು ನಾವು ತಲುಪುವಾಗ ಆಕೆಯ ಊಟದ ಹೊತ್ತು ಮೀರಿತ್ತು. ಊಟ ಬೇಡವೆಂದು ಕೂತಿದ್ದಾರೆ ಎಂದು ನರ್ಸ್ ಹೇಳಿದಳು. ಕೂದಲು ಸುರುಳಿ ಮಾಡಿಸಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೀಗರನ್ನು ಕಾಯುವವರಂತೆ ಕುರ್ಚಿಯ ಅಂಚಿನಲ್ಲಿದ್ದರು ಮಿಸ್ ಓಪಲ್. ಸೀತಜ್ಜಿಗಿಂತ ಹಿರಿಯರು, ಸೀತಜ್ಜಿಯ ಅರ್ಧದಷ್ಟಿದ್ದರು.

ನಾನು ಬಾಗಿಲಲ್ಲೇ ಗರಾಜ್ ಸೇಲ್ ಎಂದು ಶುರು ಮಾಡಿದೆ. ತಮ್ಮ ಮನೆಯ ಸಾಮಾನೆಲ್ಲ ಹಾಗೇ ಚೆಲ್ಲಾಪಿಲ್ಲಿಯಾಯಿತು ಎಂದು ಆಕೆ ತಲೆಯಾಡಿಸಿದರು. ನಾವು ಸಂಬಂಧಿಕರಲ್ಲ ಎಂದೆ. ಯಾರಿಗೂ ಹೇಳಬಾರದೆಂದು ಅವನು ಆಣೆ ಹಾಕಿಸಿಕೊಂಡಿರಬೇಕು, ನೀವು ಹೇಳಬೇಡಿ ಎಂದರು. ಮೂರನೆಯ ಸಲ ಇನ್ನೂ ಬಿಡಿಸಿ ಹೇಳಿದೆ. ನನ್ನ ಇಂಗ್ಲಿಷ್ ಬಹಳ ಚೆನ್ನಾಗಿದೆ ಎಂದು ಹೊಗಳಿದರು.

ಅಜ್ಜಿ ಫೋಟೋವನ್ನು ಇನ್ನೂ ಎದೆಗೆ ಅವುಚಿಕೊಂಡೇ ನಿಂತಿದ್ದರು. "ಕೇಳು ವಾಣಿ. ಅವನಿಗೋಸ್ಕರ ಇವರ ಮನೇಲಿ ಏನ್ ಮಾಡ್ತಿದ್ರು? ಸುಮ್ನೆ ಕೊಟ್ಟು ಹೋಗೋಕಾಗಲ್ಲ."

ಕೇಳಿದೆ. ಮಿಸ್ ಓಪಲ್‌ಗೆ ಈ ಪ್ರಶ್ನೆ ವಿಚಿತ್ರವೆನಿಸಲಿಲ್ಲ. ತಮ್ಮ ತಾಯಿ ಬದುಕಿರುವವರೆಗೆ ಪ್ರತಿ ಬೇಸಿಗೆಯಲ್ಲೂ ಮನೆಯ ಮುಂದಿನ ಕಟಾಂಜನದ ಮೇಲೆ ಒಂದು ಒಗೆದ ಟವೆಲ್ ಹಾಕುತ್ತಿದ್ದರು ಎಂದರು. ಚಿಕ್ಕಂದಿನಲ್ಲಿ ಅವನು ಕೆರೆಯಿಂದ ಬರುವಾಗ ಹಾಗೆಯೇ ಹಾಕಿಡುತ್ತಿದ್ದರಂತೆ. ಮಳೆಗೆ ನೆಂದರೆ ಒಳಗೆ ತಂದು ಒಣದು ಹಾಕುತ್ತಿದ್ದರು. ತಾಯಿ ಹೋದ ಮೇಲೆ ತಾವು ಹಾಕುತ್ತಿದ್ದರು. ಈ ಆಶ್ರಮದಲ್ಲಿ ಕಿಟಕಿಯ ಹೊರಗೆ ಬಟ್ಟೆ ಹಾಕಲು ಬಿಡುವುದಿಲ್ಲ, ಆದ್ದರಿಂದ ಒಳಗೆ. ಕಿಟಕಿಯ ಪಕ್ಕದ ಕುರ್ಚಿಯ ಬೆನ್ನಿಗೆ ಬಿಳಿಯ ಟವೆಲ್ ಮಡಿಸಿ ಹಾಕಿತ್ತು. ನಾನು ಅದನ್ನು ಸ್ನಾನಕ್ಕೆಂದುಕೊಂಡಿದ್ದೆ.

ಕನ್ನಡದಲ್ಲಿ ಹೇಳಿದೆ. ಅಜ್ಜಿ ಆ ಟವೆಲನ್ನು ಬಹಳ ಹೊತ್ತು ನೋಡಿದರು.

"ನಾವು ನೀರು ಬಿಟ್ವಿ. ಇವರು ಒರೆಸ್ಕೊಳ್ಳೋಕೆ ಇಟ್ಟಿದ್ದಾರೆ," ಎಂದರು. "ಸರಿಹೋಯ್ತು ಬಿಡು."

ಫೋಟೋವನ್ನು ಎರಡೂ ಕೈಯಲ್ಲಿ ಮಿಸ್ ಓಪಲ್ ಮಡಿಲಿಗಿಟ್ಟರು. ಹಾರ ತೆಗೆಯಲು ಹೋದರು. ಆಕೆ ಬೇಡವೆಂದು ಕೈ ತಡೆದರು. ಗಂಧದ ಚಕ್ಕೆಯನ್ನು ಮೂಸಿ, ಮಾಮನಿಗೆ ಈ ವಾಸನೆ ಎಲ್ಲಿಂದ ಬಂತು ಎಂದು ನಕ್ಕರು. ಚಿಕ್ಕಪ್ಪ ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ಗ್ರೀನ್ ಕಾರ್ಡಿಗೋ ಇನ್ಯಾವುದಕ್ಕೋ, ನಾನು ಕೇಳಲಿಲ್ಲ.

ಮಿಸ್ ಓಪಲ್ ಸೀತಜ್ಜಿಯ ಮಣಿಕಟ್ಟನ್ನು ಬಳೆ ಸಮೇತ ಹಿಡಿದುಕೊಂಡರು. ನನ್ನನ್ನು ನೋಡದೆ, ಅಜ್ಜಿಯ ಮುಖವನ್ನೇ ನೋಡುತ್ತ, ನಿಧಾನವಾಗಿ ಒಂದು ಪ್ರಶ್ನೆ ಕೇಳಿದರು. ಅದನ್ನೇ ಅವರ ತಾಯಿ ಸಾಯುವವರೆಗೂ ಕಂಡವರನ್ನೆಲ್ಲ ಕೇಳುತ್ತಿದ್ದರಂತೆ. ಕೊನೆಗೆ ಕೇಳಬೇಕಾದವರು ಸಿಕ್ಕಿದ್ದಾರೆ, ತಾನು ಕೇಳಿಬಿಡುತ್ತೇನೆ ಎಂದು ಸೇರಿಸಿದರು.

"ಏನಂತೆ ಕಣೇ?" ಎಂದರು ಅಜ್ಜಿ.

ನಿಜವನ್ನು ಮೂರು ಸಲ ಹೇಳಿಯಾಗಿತ್ತು. ನಾಲ್ಕನೆಯ ಸಲಕ್ಕೆ ನನ್ನ ಹತ್ತಿರ ಹೊಸ ವಾದವಿರಲಿಲ್ಲ. ಏನನ್ನೂ ಸೇರಿಸದೆ, ಏನನ್ನೂ ಬಿಡದೆ, ಆಕೆಯ ಮಾತನ್ನು ಕನ್ನಡಕ್ಕೆ ತಂದೆ.

"ಅಷ್ಟು ಚೆನ್ನಾಗಿ ಈಜ್ತಿದ್ದ ಹುಡುಗ, ನಿಮ್ಮನೆಯಿಂದ ಒಂದ್ಸಲನಾದ್ರೂ ನಮ್ಮನೆ ಕಡೆಗೆ ಯಾಕೆ ಈಜ್ಕೊಂಡು ಬರ್ಲಿಲ್ಲ ಅಂತ ನಿಮ್ಮನ್ನ ಕೇಳ್ತಿದ್ದಾರೆ, ಅಜ್ಜಿ. ಏನ್ ಹೇಳ್ಲಿ?"